ಮೂರು ಸೀರೆ ದೂರದ ಮೀನು

ನಿನ್ನೆ ಬೆಳಿಗ್ಗೆ ಏಳೂವರೆಗೆ, ಅಂಗಡಿಯ ಶಟರ್ ಎತ್ತಬೇಕಾದ ಹೊತ್ತಿನಲ್ಲಿ, ನಾನು ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿಕೊಂಡು ನೀರಿನಲ್ಲಿ ನಿಂತಿದ್ದೆ. ಬೆಳ್ಳಾರೆಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡು, ಊರಿಗೆಲ್ಲ ಬಿ.ಪಿ. ಮಾತ್ರೆ ಕೊಟ್ಟು, ತಾನೂ ಒಂದು ನುಂಗುವ ಐವತ್ತು ದಾಟಿದ ಮನುಷ್ಯ ಹೀಗೆ ನಿಲ್ಲಬೇಕಾದರೆ ಏನಾದರೂ ಕಾರಣ ಬೇಕು. ಕಾರಣ ಒಬ್ಬ ಟೈಲರು. ಅವರು ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ನಿನ್ನೆ ನೀರಿನಲ್ಲಿ ಕಂಡದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಅದನ್ನು ಹೇಳಬೇಕಾದರೆ ಮೊದಲು ಅವರ ವಿಷಯ ಹೇಳಬೇಕು.

ಹೆಸರು ಬರೆಯುವುದಿಲ್ಲ. ಅವರ ಅಂಗಡಿಗೇ ಬೋರ್ಡು ಇರಲಿಲ್ಲ. ಒಮ್ಮೆ ಕೇಳಿದ್ದಕ್ಕೆ, "ಬೋರ್ಡು ಎಂತಕ್ಕೆ? ಹೊಲಿಗೆ ಬಿಟ್ಟುಹೋದ್ರೆ ಹೆಸರು ಹಿಡಿದು ಬೈಲಿಕ್ಕಾ?" ಎಂದಿದ್ದರು. ಊರಿಗೆಲ್ಲ ಅವರು ಟೈಲರ್ರು, ಅಷ್ಟೆ. ನಾನು ಮಾತ್ರೆ ಮಾರುವವನಾದ್ದರಿಂದ ಅವರ ಬಾಯಲ್ಲಿ "ಡಾಕ್ಟ್ರು" ಆಗಿದ್ದೆ. ಅದು ಗೌರವವಲ್ಲ, ತಮಾಷೆ. ಅವರ ಮನೆಮಾತು ತುಳು, ನನ್ನದು ಸುಳ್ಯದ ಅರೆಭಾಷೆ. ಇಬ್ಬರಿಗೂ ಇಬ್ಬರದ್ದೂ ಅರ್ಥವಾಗುತ್ತಿದ್ದರೂ ಜಗಳಕ್ಕೆ ಮಾತ್ರ ಕನ್ನಡವೇ ಬೇಕಾಗುತ್ತಿತ್ತು. ಹದಿನೆಂಟು ವರ್ಷ ನಮ್ಮ ಅಂಗಡಿಗಳ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಆಚೆಯಿಂದ ಹೊಲಿಗೆ ಮಷೀನಿನ ಸದ್ದು ಬಂದರೆ ಅವರು ಖುಷಿಯಲ್ಲಿದ್ದಾರೋ ಸಿಟ್ಟಿನಲ್ಲಿದ್ದಾರೋ ನನಗೆ ಗೊತ್ತಾಗುತ್ತಿತ್ತು.

ಸಣ್ಣ ಆಳು, ಕಾಲುಗಳು ಕಡ್ಡಿ. ಆದರೆ ಮಣಿಕಟ್ಟು ಮಾತ್ರ ಪೈಲ್ವಾನನದು. ಕುತ್ತಿಗೆಯಲ್ಲಿ ಸದಾ ಎರಡು ವಸ್ತು: ಅಳತೆಯ ಟೇಪು, ಮತ್ತು ಕಪ್ಪು ದಾರಕ್ಕೆ ಕಟ್ಟಿದ ನೂಲು ಕತ್ತರಿಸುವ ಪುಟ್ಟ ಕತ್ತರಿ. ತುಟಿಗಳ ನಡುವೆ ಮೂರು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಯಾರಾದರೂ ಬಟ್ಟೆ ಬೇಗ ಬೇಕೆಂದರೆ ಒಂದೇ ಉತ್ತರ: "ಅವಸರ ಉಂಟಾ? ರೆಡಿಮೇಡ್ ತೆಕ್ಕೊಳ್ಳಿ." ಮದುಮಗನ ಅಪ್ಪನಿಗೂ ಅದೇ, ಪಂಚಾಯತ್ ಅಧ್ಯಕ್ಷರಿಗೂ ಅದೇ. ಮುಂದೆ ನೀರಿನಲ್ಲಿ ನಿಂತು ನಾನು ಚಡಪಡಿಸಿದಾಗಲೂ ಅದೇ ಮಾತು ಸಿಕ್ಕಿತು.

ಅವರಿಗೆ ಇನ್ನೊಂದು ಬದುಕು ಇದೆ ಎಂದು ಗೊತ್ತಾಗಲು ನನಗೆ ಹತ್ತು ವರ್ಷ ಹಿಡಿಯಿತು. ಒಂದು ಭಾನುವಾರ ಶಾಲೆಯ ಮೈದಾನದ ಪಕ್ಕ ಬೈಕಿನಲ್ಲಿ ಹೋಗುತ್ತಿದ್ದೆ. ಟೈಲರ್ರು ಮೈದಾನದ ನಡುವೆ ನಿಂತು ಉದ್ದದ ತೆಳ್ಳಗಿನ ಕೋಲೊಂದನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿದ್ದರು. ಕೋಲಿನ ತುದಿಯಿಂದ ಹಳದಿ ನೂಲು ಗಾಳಿಯಲ್ಲಿ ಹಿಂದೆ ಹೋಗಿ ಪೂರ್ತಿ ಬಿಚ್ಚಿಕೊಂಡು, ಮತ್ತೆ ಮುಂದೆ ಬಂದು, ಹುಲ್ಲಿನ ಮೇಲೆ ಸದ್ದಿಲ್ಲದೆ ಮಲಗುತ್ತಿತ್ತು. ಗಾಳದ ಸುದ್ದಿ ಇಲ್ಲ, ನೀರಿನ ಸುದ್ದಿಯೂ ಇಲ್ಲ. ಜೇನುಹುಳ ಓಡಿಸುತ್ತಿದ್ದಾರೆಂದು ಒಬ್ಬರು, ಮಂಡೆ ಸರಿ ಇಲ್ಲವೆಂದು ಇನ್ನೊಬ್ಬರು ಹೇಳಿಕೊಂಡು ಹೋಗುತ್ತಿದ್ದರು. ನಾನು ಬೈಕು ನಿಲ್ಲಿಸಿದೆ. ಅಲ್ಲಿಂದ ನನ್ನ ಭಾನುವಾರಗಳು ಹಾಳಾದವು.

ಆ ಕೋಲು ಮಡಿಕೇರಿ ಕಡೆಯ ಒಬ್ಬ ಎಸ್ಟೇಟ್ ಧಣಿಯದು. ಟೈಲರ್ರು ಪ್ರಾಯದಲ್ಲಿ ಅಲ್ಲಿ ಕೆಲಸಗಾರರ ಸಮವಸ್ತ್ರ ಹೊಲಿಯಲು ಹೋಗಿದ್ದರಂತೆ. ಆ ಧಣಿ ಫ್ಲೈ ಫಿಶಿಂಗ್ ಹುಚ್ಚಿನವರು. ಎರೆಹುಳ ಇಲ್ಲ, ಹಿಟ್ಟಿನ ಉಂಡೆ ಇಲ್ಲ. ಕೊಕ್ಕೆಗೆ ಗರಿ, ನೂಲು ಸುತ್ತಿ ಹುಳುವಿನ ವೇಷ ಕಟ್ಟಿ, ಮೀನಿನ ಎದುರು ಮೆಲ್ಲಗೆ ಇಳಿಸುವುದು. ಅವರ ಬೆರಳಿಗೆ ವಾತ ಬಂದು ಗರಿ ಸುತ್ತಲು ಆಗದೆ ಹೋದಾಗ ಟೈಲರ್ರನ್ನು ಕರೆದರು. ಮೂರು ವರ್ಷ ಬೆಳಿಗ್ಗೆ ಅಂಗಿ, ಸಂಜೆ ಹುಳ. ಊರಿಗೆ ಹೊರಟಾಗ ಒಂದು ಹಳೆಯ ಕೋಲು ಸಿಕ್ಕಿತು. ಟೈಲರ್ರು ಈ ವಿದ್ಯೆಗೆ ತಮ್ಮದೇ ಹೆಸರು ಕೊಟ್ಟಿದ್ದರು: ಗರಿಗಾಳ.

ಗರಿ ಬೇಕಲ್ಲ, ಅದಕ್ಕಾಗಿ ಕೋಳಿ ಅಂಕ, ಅಂದರೆ ಕೋಳಿ ಕಾಳಗ, ನಡೆಯುವಲ್ಲಿಗೆ ಹೋಗುತ್ತಿದ್ದರು. ಅಲ್ಲಿ ಎಲ್ಲರೂ ಗೆದ್ದ ಕೋಳಿಯ ಸುತ್ತ ನಿಂತರೆ ಇವರು ಸೋತ ಕೋಳಿಯ ಹತ್ತಿರ. ಮಾಂಸ ಬೇಡ, ಕತ್ತಿನ ಗರಿ ಮಾತ್ರ ಸಾಕು. ಕೆಂಪು ಮೈಯ ಕೆಮ್ಮೈರೆ ಸೋತಿತೆಂದರೆ ಇವರ ಮುಖ ಅರಳುತ್ತಿತ್ತು. ಕೆಮ್ಮೈರೆಯ ಗರಿ ನೀರಿಗೆ ಬಿದ್ದರೆ ಕೆಸರಿನ ಹುಳದ ಬಣ್ಣವೇ ಬರುತ್ತದೆಂದು ಅವರ ವಾದ. ಅಂಗಡಿಯಲ್ಲಿ ಹೊಲಿಗೆ ಮಷೀನಿನ ಸೂಜಿಯ ಕೆಳಗೆ ಬಟ್ಟೆ ಒತ್ತಿಹಿಡಿಯುವ ಪಾದ ಇರುತ್ತದಲ್ಲ, ಅದರ ಅಡಿಗೆ ಕೊಕ್ಕೆಯನ್ನು ಸಿಕ್ಕಿಸಿ, ರವಕೆಗೆ ಉಳಿದ ರೇಷ್ಮೆ ನೂಲಿನಲ್ಲಿ ಗರಿ ಸುತ್ತುತ್ತಿದ್ದರು. ಒಮ್ಮೆ ಪಂಜ ಊರಿನ ಮದುಮಗಳ ರವಕೆಯ ಒಳಗಿನಿಂದ ಕೋಳಿಗರಿ ಹೊರಬಂದು ದೊಡ್ಡ ರಾದ್ಧಾಂತವಾಯಿತು. ಕೊಕ್ಕೆ ಬಾರದೆ ಗರಿ ಮಾತ್ರ ಬಂದದ್ದು ನಮ್ಮ ಪುಣ್ಯ.

ಇನ್ನು ನೀರಿನ ವಿಷಯ. ಪಂಜದ ಕಡೆಗೆ ಹೋಗುವಾಗ ಸಿಗುವ ಹೊಳೆಗೆ ಕಿಂಡಿ ಅಣೆಕಟ್ಟು ಇದೆ. ಮಳೆ ನಿಂತ ಮೇಲೆ ಕಿಂಡಿಗಳಿಗೆ ಹಲಗೆ ಹಾಕುತ್ತಾರೆ. ನೀರು ಹಿಂದಕ್ಕೆ ನಿಂತು, ಪಕ್ಕದ ಬೇಸಾಯ ಬಿಟ್ಟ ಹಳೆಯ ಗದ್ದೆಗಳ ಮೇಲೆ ಹರಡಿ ಕೆರೆಯಾಗುತ್ತದೆ. ಎಲ್ಲಿ ನಿಂತರೂ ಮೊಣಕಾಲುದ್ದ, ಅಡಿಯಲ್ಲಿ ಮೆತ್ತನೆಯ ಕೆಸರು. ಮೇ ತಿಂಗಳ ಕೊನೆಗೆ ಹಲಗೆ ತೆಗೆದರೆ ಕೆರೆ ಒಂದೇ ದಿನಕ್ಕೆ ಮಾಯ. ಯಾವುದೋ ವರ್ಷ ಯಾರದೋ ಮೀನಿನ ಹೊಂಡ ಮಳೆಗೆ ಕಟ್ಟೆ ಒಡೆದು, ಅದರಲ್ಲಿದ್ದ ಗೆಂಡೆ ಮೀನುಗಳೆಲ್ಲ ಹೊಳೆ ಸೇರಿ ಅಲ್ಲೇ ಸಂಸಾರ ಹೂಡಿದ್ದವು.

ಮೊದಲ ಸಲ ಅಲ್ಲಿಗೆ ಹೋದ ಬೆಳಿಗ್ಗೆ ನನಗೆ ಈಗಲೂ ಚೆನ್ನಾಗಿ ನೆನಪಿದೆ. ಟೈಲರ್ರು ನೀರಿನಲ್ಲಿದ್ದ, ಕಡಿದ ತೆಂಗಿನ ಮರದ ಮೋಟು ಕುತ್ತಿಯ ಪಕ್ಕ ನಿಂತು, ನನ್ನ ಭುಜ ಹಿಡಿದು ತಿರುಗಿಸಿದರು.

"ಅಲ್ಲಿ ನೋಡಿ. ನೀರು ನೋಡುದಲ್ಲ, ನೀರಿನ ಮೇಲೆ ನೋಡುದು."

ಕೆಸರಿನ ಸಣ್ಣ ಮೋಡ ಎದ್ದಿತು. ಅದರ ನಡುವಿನಿಂದ ನನ್ನ ಅಂಗೈಗಿಂತ ಅಗಲದ ಬಾಲವೊಂದು ನೀರಿನ ಮೇಲಕ್ಕೆ ಬಂದು, ಬಿಸಿಲಿಗೆ ಹೊಳೆದು, ಮೆಲ್ಲಗೆ ಅಲ್ಲಾಡಿತು. ಮೀನು ಮೂತಿಯನ್ನು ಕೆಸರಿಗೆ ಹಾಕಿ, ತಲೆಕೆಳಗಾಗಿ ನಿಂತು ಹುಳ ಹುಡುಕುತ್ತಿತ್ತು. ಅದರ ಹಿಂದೆ ಇನ್ನೊಂದು ಬಾಲ. ಆಚೆ ಮತ್ತೆರಡು. ಇಷ್ಟು ವರ್ಷ ಈ ಹೊಳೆಯ ಸೇತುವೆ ದಾಟುತ್ತ ಓಡಾಡಿದವನಿಗೆ ಇದು ಕಂಡಿರಲೇ ಇಲ್ಲ. ನಾನು ಏನೋ ಕೂಗಿದೆ. ಎಲ್ಲ ಬಾಲಗಳೂ ಒಟ್ಟಿಗೆ ಮಾಯವಾದವು.

"ನಿಮ್ಮ ಮೆಡಿಕಲಿನಲ್ಲಿ ಬಾಯಿಗೆ ಹಚ್ಚುವ ಪಟ್ಟಿ ಉಂಟಾ ಡಾಕ್ಟ್ರೆ?" ಎಂದರು ಟೈಲರ್ರು.

ಆ ನೀರಿನಲ್ಲಿ ಒಂದು ಗಡಿ ಇತ್ತು. ಮೇಲ್ಗಡೆ ದೇವಸ್ಥಾನದ ಮೆಟ್ಟಿಲುಗಳಿವೆ. ಅಲ್ಲಿನ ಮೀನುಗಳು ದೇವರ ಮೀನುಗಳು. ಭಕ್ತರು ಅವಕ್ಕೆ ಅರಳು, ಅಕ್ಕಿ ಹಾಕುತ್ತಾರೆ, ಯಾರೂ ಹಿಡಿಯುವುದಿಲ್ಲ. ದೇವರ ನೀರು ಎಲ್ಲಿ ಮುಗಿಯುತ್ತದೆ ಎನ್ನುವುದಕ್ಕೆ ಬೋರ್ಡು, ಬೇಲಿ ಇಲ್ಲ. ಒಂದು ಕಪ್ಪು ಕಲ್ಲಿದೆ, ವರ್ಷಕ್ಕೊಮ್ಮೆ ಅದಕ್ಕೆ ಸುಣ್ಣದ ಬೊಟ್ಟು ಇಡುತ್ತಾರೆ. ಕಲ್ಲಿನ ಆಚೆ ದೇವರದು, ಈಚೆ ಎಲ್ಲರದು. ಅಜ್ಜಂದಿರ ಕಾಲದಿಂದ ನಡೆದು ಬಂದದ್ದು, ಯಾರೂ ಪ್ರಶ್ನೆ ಕೇಳಿದವರಿಲ್ಲ.

ಈ ಗಡಿಯ ಲಾಭವನ್ನು ಸರಿಯಾಗಿ ತಿಳಿದುಕೊಂಡಿದ್ದ ಒಂದು ಗೆಂಡೆ ಇತ್ತು. ಉಳಿದವು ಎರಡು, ಮೂರು ಕಿಲೋ ಇದ್ದರೆ ಇದು ಎಂಟರ ಮೇಲೆಯೇ. ಬೆನ್ನಿನ ಎಡಬದಿಯಲ್ಲಿ ಹಳೆಯ ಗಾಯದ ಬಿಳಿ ಪಟ್ಟೆ. ಟೈಲರ್ರು ಇದನ್ನು ಗುರಿಕಾರ ಎಂದು ಕರೆಯುತ್ತಿದ್ದರು, ಮನೆತನಗಳ ಹಿರಿಯನನ್ನು ಕರೆಯುವ ಹಾಗೆ. ಬೆಳಕು ಹರಿದಾಗ ಗುರಿಕಾರ ಈಚೆಯ ಕೆಸರಿಗೆ ಬಂದು ಹುಳ ತಿನ್ನುವುದು, ಎಂಟಕ್ಕೆ ಪೂಜೆಯ ಗಂಟೆ ಹೊಡೆದ ಕೂಡಲೇ ಕಲ್ಲು ದಾಟಿ ಅರಳು ತಿನ್ನಲು ಹೋಗುವುದು. ಬೆಳಿಗ್ಗೆ ಲೋಕದ ವ್ಯವಹಾರ, ಆಮೇಲೆ ದೇವರ ಪ್ರಸಾದ. ನಮ್ಮ ಊರಿನ ಎಷ್ಟೋ ಹಿರಿಯರ ದಿನಚರಿಯೂ ಇದೇ ಆದ್ದರಿಂದ ನಾವು ಅದನ್ನು ದೂರುವ ಹಾಗಿರಲಿಲ್ಲ.

ಟೈಲರ್ರ ದೂರದ ಲೆಕ್ಕ ಮೀಟರಿನಲ್ಲಿರಲಿಲ್ಲ. ಸೀರೆ ಮತ್ತು ರವಕೆಯಲ್ಲಿತ್ತು. ಸೀರೆಯೆಂದರೆ ಐದೂವರೆ ಮೀಟರು, ರವಕೆಯ ತುಂಡು ಒಂದು ಮೀಟರಿಗೆ ಸ್ವಲ್ಪ ಕಡಿಮೆ. "ಎರಡು ಸೀರೆ, ಒಂದು ರವಕೆ" ಎಂದು ತಮ್ಮಷ್ಟಕ್ಕೆ ಹೇಳಿ ಕೋಲು ಬೀಸಿದರೆ ಗರಿ ಸರಿಯಾಗಿ ಅಲ್ಲೇ ಬೀಳುತ್ತಿತ್ತು. ಹಳದಿ ನೂಲಿಗೆ ಸೀರೆಗೊಂದರಂತೆ ಕೆಂಪು ರೇಷ್ಮೆಯ ಸಣ್ಣ ಸುತ್ತು ಹಾಕಿದ್ದರು. ನೂಲು ಬೆರಳಿನ ಮೇಲೆ ಜಾರುವಾಗ ಸುತ್ತು ತಾಗುತ್ತದೆ. ಒಂದು ತಾಗಿದರೆ ಒಂದು ಸೀರೆ, ಎರಡು ತಾಗಿದರೆ ಎರಡು. ಅವರು ಯಾವಾಗಲೂ ನಿಲ್ಲುತ್ತಿದ್ದ ತೆಂಗಿನ ಕುತ್ತಿಯಿಂದ ಆ ಕಪ್ಪು ಕಲ್ಲಿಗೆ ಸರಿಯಾಗಿ ಮೂರು ಸೀರೆ. ಹೊಳೆ ಒಣಗಿದಾಗ ಟೇಪು ಹಿಡಿದು ಅಳೆದಿದ್ದರು.

ಹಿಡಿದ ಮೀನನ್ನು ಅವರು ಮನೆಗೆ ತರುತ್ತಿರಲಿಲ್ಲ. ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕುಳದಲ್ಲಿ ಒತ್ತಿ ಚಪ್ಪಟೆ ಮಾಡಿರುತ್ತಿದ್ದರು. ನೀರಿನಲ್ಲೇ ಮೀನನ್ನು ಹಿಡಿದು, ಟೇಪಿನಲ್ಲಿ ಮೂತಿಯಿಂದ ಬಾಲದವರೆಗೆ ಅಳತೆ ತೆಗೆದು, ಎದೆಯ ಸುತ್ತಳತೆಯನ್ನೂ ತೆಗೆದು ಬಿಟ್ಟುಬಿಡುವುದು. ಅಳತೆ ತೆಗೆಯುವಾಗ ಗಿರಾಕಿಯೊಡನೆ ಮಾತಾಡುವ ಹಾಗೆಯೇ ಮಾತು: "ಕೈ ಸಡಿಲ ಬಿಡಿ. ಹೊಟ್ಟೆ ಒಳಗೆ ಎಳ್ಕೊಳ್ಬೇಡಿ." ಒಂದು ಸಲ ನಾಲ್ಕು ಕಿಲೋದ ಮೀನನ್ನು ಬಿಟ್ಟು ದಂಡೆಗೆ ಬರುವಷ್ಟರಲ್ಲಿ ಮೀನು ಮಾರುವವರ ಸ್ಕೂಟರಿನ ಹಾರ್ನು ಕೇಳಿತು. ಟೈಲರ್ರು ಒದ್ದೆ ಪ್ಯಾಂಟಿನಲ್ಲೇ ಓಡಿಹೋಗಿ ಬೂತಾಯಿ ಮೀನು ತೆಗೆದುಕೊಂಡರು. ಮೀನಿನವರು ಸ್ಕೂಟರಿನಿಂದ ಇಳಿದು ಅವರನ್ನು ಕೆಳಗಿನಿಂದ ಮೇಲೆ ನೋಡಿದರು.

"ಅಲ್ಲ ಟೈಲರ್ರೆ, ನೀರಲ್ಲಿದ್ದ ಮೀನು ಬಿಟ್ಟು ಐಸಲ್ಲಿದ್ದ ಮೀನು ತೆಕ್ಕೊಳ್ಳುದು ಎಂತ ಬುದ್ಧಿ?"

"ಅಳತೆ ತೆಗೆದವನನ್ನು ತಿನ್ಲಿಕ್ಕೆ ಆಗ್ತದಾ ಮಾರಾಯ್ರೆ?" ಎಂದರು ಟೈಲರ್ರು.

ಗುರಿಕಾರನ ಅಳತೆ ಮಾತ್ರ ಸಿಕ್ಕಿರಲಿಲ್ಲ. ಎರಡು ಬೇಸಗೆ ಅದು ಇವರ ಗರಿಯನ್ನು ಹತ್ತಿರ ಬಂದು ನೋಡಿ, ಮೂಸಿ, ತಿರುಗಿ ಹೋಗಿತ್ತು. ಒಮ್ಮೆ ಬಾಯಿಗೆ ಹಾಕಿ ಉಗುಳಿತ್ತು. ನನಗೆ ತಾಳ್ಮೆ ಕಡಿಮೆ. ಇಷ್ಟಕ್ಕೂ ಅದಕ್ಕೆ ಅರಳು ಇಷ್ಟವಲ್ಲವೇ ಎಂದುಕೊಂಡು, ದೇವಸ್ಥಾನದ ಎದುರಿನ ಅಂಗಡಿಯಿಂದ ಒಂದು ಪೊಟ್ಟಣ ಅರಳು ತಂದು, ಟೈಲರ್ರು ಕೋಲು ಜೋಡಿಸುವಷ್ಟರಲ್ಲಿ ಕಲ್ಲಿನ ಈಚೆಗೆ ಎಸೆದೆ. ಗುರಿಕಾರ ಬಂದೇ ಬಂದ. ಸೊಂಟದವರೆಗೆ ಬೆನ್ನು ಹೊರಗೆ ಹಾಕಿ, ಬಾಯಿ ತೆರೆದುಕೊಂಡು, ಅರಳು ಹೆಕ್ಕುತ್ತ ಒಂದು ಸೀರೆಯಷ್ಟು ಹತ್ತಿರ. ನನಗೆ ಕುಣಿಯುವಷ್ಟು ಖುಷಿ. "ಬೀಸಿ, ಬೀಸಿ" ಎಂದೆ. ಟೈಲರ್ರು ನನ್ನ ಕೈಯ ಪೊಟ್ಟಣ ನೋಡಿದರು. ಆಮೇಲೆ ನೂಲು ಸುತ್ತಿದರು.

"ಊಟಕ್ಕೆ ಕರೆದು ಬಾಗಿಲು ಹಾಕುದಾ ಡಾಕ್ಟ್ರೆ? ಅದು ನಂಬಿ ಬಂದದ್ದು ನಮ್ಮನ್ನಲ್ಲ."

ಅಷ್ಟೇ ಹೇಳಿ ನಡೆದುಹೋದರು. ಹದಿನೈದು ದಿನ ನನ್ನೊಡನೆ ಮಾತಿಲ್ಲ. ಹಲಗೆಯಾಚೆ ಮಷೀನು ಕಡಕಡ ಓಡುತ್ತಿತ್ತು, ಅದರಲ್ಲಿದ್ದ ಬೈಗಳೆಲ್ಲ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಮಾಡಿದ್ದು ತಪ್ಪೆಂದು ಮೊದಲ ದಿನವೇ ಗೊತ್ತಾಗಿತ್ತು. ಹೇಳಲು ಸೊಕ್ಕು ಬಿಡಲಿಲ್ಲ.

ಮಾತು ಮತ್ತೆ ಶುರುವಾದದ್ದು ಒಂದು ಚೀಟಿಯಿಂದ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಬಂದು, ಪುತ್ತೂರಿನ ಕಣ್ಣಿನ ಡಾಕ್ಟರರ ಚೀಟಿಯನ್ನು ಕೌಂಟರಿನ ಮೇಲೆ ಇಟ್ಟರು. ಎರಡು ಬಗೆಯ ಹನಿ ಮದ್ದು ಬರೆದಿತ್ತು. ಓದಿದ ಕೂಡಲೇ ನನಗೆ ವಿಷಯ ಗೊತ್ತಾಯಿತು. ಪೊರೆಯಾಗಿದ್ದರೆ ತೆಗೆಯಬಹುದಿತ್ತು. ಇದು ಕಣ್ಣಿನ ನರದ್ದು. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಸ್ವಲ್ಪ ದಿನ ಹಿಡಿದಿಡಬಹುದು. ಸೂಜಿಯ ಕಣ್ಣಿನಿಂದ ಅನ್ನ ತಿಂದ ಮನುಷ್ಯ.

"ಮನೆಯಲ್ಲಿ ಹೇಳ್ಬೇಡಿ," ಎಂದರು. "ಸೂಜಿಗೆ ನೂಲು ಈಗ ನಾಲಗೆಯಲ್ಲೇ ಹಾಕುದು. ಅಭ್ಯಾಸ ಆಗಿದೆ. ಆದ್ರೆ ಬಾಲ ಕಾಣುದಿಲ್ಲ ಡಾಕ್ಟ್ರೆ. ನೀರು ಪೂರಾ ಒಂದೇ ಬೆಳ್ಳಗೆ ಕಾಣ್ತದೆ."

ನಾನು ಎರಡೂ ಮದ್ದಿನ ಬಾಟಲಿ ತೆಗೆದು ಕೌಂಟರಿನ ಮೇಲೆ ಇಟ್ಟೆ.

"ಗುರಿಕಾರನನ್ನು ಒಮ್ಮೆ ಹಿಡೀಬೇಕು. ಕೈಯಿಂದ ಅಳತೆ ತೆಗೆದ್ರೆ ಸಾಕು. ಕಣ್ಣು ನಿಮ್ಮದು, ಕೈ ನನ್ನದು. ಆಗ್ಬಹುದಾ?"

ಆಗಬಹುದೆಂದೆ. ಮೂರನೆಯ ಬೇಸಗೆ ಹೀಗೆ ಶುರುವಾಯಿತು. ನಾನು ಸೀರೆಯ ಲೆಕ್ಕ ಕಲಿತೆ. ಕೌಂಟರಿನಿಂದ ಬಾಗಿಲಿಗೆ ಮೂರು ರವಕೆ, ಬಾಗಿಲಿನಿಂದ ರಿಕ್ಷಾ ಸ್ಟ್ಯಾಂಡಿಗೆ ನಾಲ್ಕು ಸೀರೆ. ಎದುರು ನಿಂತ ಬಸ್ಸನ್ನು ನೋಡಿ "ಎರಡು ಸೀರೆ" ಎಂದು ಗೊಣಗಿದ್ದನ್ನು ಕೆಮ್ಮಿನ ಸಿರಪ್ಪಿಗೆ ಬಂದಿದ್ದ ಹೆಂಗಸೊಬ್ಬರು ಕೇಳಿಸಿಕೊಂಡು, ನನ್ನ ಹೆಂಡತಿಗೆ ಹೇಳಿ, ಮನೆಯಲ್ಲಿ ಒಂದು ಸಂಜೆ ವಿಚಾರಣೆಯೇ ನಡೆಯಿತು. ಟೈಲರ್ರಿಗೆ ಈ ಸುದ್ದಿ ಹೇಳಿದಾಗ ಬಾಯಿಯ ಗುಂಡುಸೂಜಿಗಳೆಲ್ಲ ಉದುರುವ ಹಾಗೆ ನಕ್ಕರು.

ಭಾನುವಾರದಿಂದ ಭಾನುವಾರಕ್ಕೆ ನಾವು ಜೋಡಿಯಾಗಿ ಪಳಗಿದೆವು. ನಾನು ಮೂತಿ ಯಾವ ಕಡೆಗಿದೆ ಎಂದು ಹೇಳುವುದು, ದೂರ ಹೇಳುವುದು. ಅವರು ಬೀಸುವುದು. ಸಣ್ಣ ಗೆಂಡೆಗಳು ಸಿಕ್ಕವು. ಗುರಿಕಾರ ಸಿಗಲಿಲ್ಲ. ಒಂದು ಶನಿವಾರ ಸಂಜೆ ಸುದ್ದಿ ಬಂತು: ಮೋಡ ಕಟ್ಟಿದೆ, ಸೋಮವಾರ ಹಲಗೆ ತೆಗೆಯುತ್ತಾರೆ. ಅಂದರೆ ಉಳಿದದ್ದು ಒಂದೇ ಬೆಳಿಗ್ಗೆ. ಮುಂದಿನ ಬೇಸಗೆಗೆ ಆ ಕಣ್ಣಿನಲ್ಲಿ ಬೆಳಕು ಎಷ್ಟು ಉಳಿದಿರುತ್ತದೆಂದು ನಾನು ಅವರಿಗೆ ಹೇಳಲಿಲ್ಲ, ಅವರು ಕೇಳಲೂ ಇಲ್ಲ.

ಆ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ನೀರು ಕನ್ನಡಿ. ಆರೂಮುಕ್ಕಾಲಿನಿಂದ ತೆಂಗಿನ ಕುತ್ತಿಯ ಪಕ್ಕ ನಿಂತಿದ್ದೇವೆ, ಒಂದು ಬಾಲವೂ ಇಲ್ಲ. ಏಳಾಯಿತು. ಏಳೂವರೆ ಆಯಿತು. ನಾನು ಹತ್ತು ಸಲ ಗಡಿಯಾರ ನೋಡಿದೆ.

"ಅವಸರ ಉಂಟಾ?" ಎಂದರು ಟೈಲರ್ರು.

ಎಂಟಕ್ಕೆ ಹತ್ತು ನಿಮಿಷ ಇರುವಾಗ ಕೆಸರಿನ ಮೋಡ ಎದ್ದಿತು. ದೊಡ್ಡದು. ಅದರೊಳಗಿಂದ ಬಾಲ ಬಂತು, ಬೆನ್ನು ಬಂತು, ಬೆನ್ನಿನ ಮೇಲಿನ ಬಿಳಿ ಪಟ್ಟೆ ಬಂತು.

"ಬಂದ," ಎಂದೆ. "ಎರಡು ಸೀರೆ. ಮೂತಿ ನಮ್ಮ ಕಡೆಗೆ."

"ಎರಡು ಮಾತ್ರವಾ? ಸರಿ ನೋಡಿ."

"ಎರಡು ಸೀರೆ, ಒಂದು ರವಕೆ. ಸ್ವಲ್ಪ ಬಲಕ್ಕೆ."

ಕೋಲು ಒಂದು ಸಲ ಹಿಂದೆ ಹೋಯಿತು, ಒಂದು ಸಲ ಮುಂದೆ. ಕೆಮ್ಮೈರೆಯ ಗರಿ ಮೀನಿನ ಮೂತಿಯಿಂದ ಒಂದು ಗೇಣು ಈಚೆ ಇಳಿಯಿತು. ಇಳಿದದ್ದು ನೀರಿಗೂ ಗೊತ್ತಾಗಲಿಲ್ಲ. ಬಾಲ ಕೆಳಗಾಯಿತು. ಮೀನು ಮುಂದೆ ಬಂತು. ನಿಂತಿತು. ಅದರ ದಪ್ಪ ತುಟಿ ಮುಂದಕ್ಕೆ ಚಾಚಿ, ಬಿಳಿಯ ಬಾಯಿ ತೆರೆದು ಮುಚ್ಚಿದ್ದನ್ನು ನಾನು ಕಣ್ಣಾರೆ ಕಂಡೆ.

"ಹಾಕಿದ. ಬಾಯಿಗೆ ಹಾಕಿದ."

ಟೈಲರ್ರು ಕೋಲು ಎತ್ತಿದರು. ಅದು ಬಿಲ್ಲಾಗಿ ಬಗ್ಗಿತು, ನೀರು ಒಡೆಯಿತು, ಕೋಲಿನ ಬುಡದಲ್ಲಿ ನೂಲು ಸುತ್ತಿದ್ದ ರಾಟೆ ಕಿರುಚಿತು. ಎರಡು ಬೇಸಗೆ ಸತಾಯಿಸಿದ ಮೀನು ಈಗ ನೂಲಿನ ಇನ್ನೊಂದು ತುದಿಯಲ್ಲಿತ್ತು. ಟೈಲರ್ರು ನಗುತ್ತಿದ್ದರು. ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಹದಿನೆಂಟು ವರ್ಷದಲ್ಲಿ ಕೇಳಿರಲಿಲ್ಲ. "ಇವ ಎಂತ ಮಾರಾಯ್ರೆ, ಎತ್ತಾ?" ಎನ್ನುತ್ತ, ಅದು ಕೆಳಕ್ಕೆ ಓಡಿದರೆ ಬಿಡುತ್ತ, ನಿಂತರೆ ಸುತ್ತುತ್ತ, ಮೊಣಕಾಲುದ್ದ ನೀರಿನಲ್ಲಿ ಕುತ್ತಿಯನ್ನು ಬಿಟ್ಟು ಒಂದು ಹೆಜ್ಜೆಯೂ ಅಲ್ಲಾಡದೆ ನಿಂತರು. ನಾನು ಅವರ ಸುತ್ತ ನೀರು ಚಿಮ್ಮಿಸುತ್ತ ಕುಣಿದೆ. ಹತ್ತು ನಿಮಿಷದಲ್ಲಿ ಮೀನು ಒಂದು ಸೀರೆಯಷ್ಟು ಹತ್ತಿರ ಬಂತು. ಟೈಲರ್ರು ಎಡಗೈಯಿಂದ ಕುತ್ತಿಗೆಯ ಟೇಪನ್ನು ತಡವಿ ನೋಡಿಕೊಂಡರು.

ಆಗ ಪೂಜೆಯ ಗಂಟೆ ಹೊಡೆಯಿತು.

ಗುರಿಕಾರ ತಿರುಗಿದ. ಅಷ್ಟು ಹೊತ್ತು ಆಡಿದ್ದೆಲ್ಲ ಆಟವೇ ಎನ್ನುವ ಹಾಗೆ ಮೇಲ್ಗಡೆಗೆ, ನೇರ ಕಪ್ಪು ಕಲ್ಲಿನ ಕಡೆಗೆ ಓಡಿದ. ನೂಲು ಟೈಲರ್ರ ಬೆರಳಿನ ಮೇಲೆ ಸುಯ್ಯೆಂದು ಜಾರಿತು. ಕಲ್ಲಿನ ಪಕ್ಕದಲ್ಲಿ ನೀರು ಉಬ್ಬಿತು, ಬಿಳಿ ಪಟ್ಟೆ ಒಮ್ಮೆ ಹೊಳೆಯಿತು. ಆಮೇಲೆ ಉಬ್ಬು ಕಲ್ಲಿನ ಆಚೆಗಿತ್ತು.

"ಎಲ್ಲಿದ್ದಾನೆ?" ಎಂದು ಕೇಳಿದರು. "ಕಲ್ಲಿನ ಈಚೆಯಾ, ಆಚೆಯಾ?"

ಅವರ ಮುಖ ನನ್ನ ಕಡೆಗಿತ್ತು, ಕಣ್ಣು ನನ್ನ ಕಿವಿಯ ಪಕ್ಕ ಎಲ್ಲೋ ನೋಡುತ್ತಿತ್ತು. ನಾಳೆ ಹಲಗೆ ತೆಗೆಯುತ್ತಾರೆ. ಮುಂದಿನ ವರ್ಷ ಇವರಿಗೆ ಈ ಬಿಳುಪೂ ಇರುವುದಿಲ್ಲ. ದಂಡೆಯಲ್ಲಿ ಒಂದು ನರಪಿಳ್ಳೆ ಇಲ್ಲ.

"ಈಚೆ," ಎಂದೆ. "ಈಚೆಯೇ ಉಂಟು. ಎಳೀರಿ."

ಟೈಲರ್ರು ಎಳೆಯಲಿಲ್ಲ. ಬೆರಳಿನ ಮೇಲೆ ನೂಲನ್ನು ಹಾಗೆಯೇ ಹಿಡಿದುಕೊಂಡು, ಅಂಗಡಿಯಲ್ಲಿ ಬಟ್ಟೆಯ ಅಂಚನ್ನು ನೋಡುವಾಗಿನ ಹಾಗೆ ತಲೆ ಓರೆ ಮಾಡಿದರು.

"ಮೂರನೇ ಸುತ್ತು ಹೋಗಿ ಮತ್ತೆರಡು ರವಕೆ ಆಯ್ತಲ್ಲ ಡಾಕ್ಟ್ರೆ. ನೂಲು ಎಳೆಯುದು ಕಲ್ಲಿನ ದಿಕ್ಕಿಗೇ. ಕಲ್ಲಿಗೆ ಮೂರೇ ಸೀರೆ."

ಕುತ್ತಿಗೆಯ ಕಪ್ಪು ದಾರ ಹಿಡಿದು ಪುಟ್ಟ ಕತ್ತರಿ ಎತ್ತಿದರು. ನಾನು "ಬೇಡ" ಎಂದೆನೋ ಇಲ್ಲವೋ ನೆನಪಿಲ್ಲ. ರಾಟೆಯ ಹತ್ತಿರ ನೂಲು ಕತ್ತರಿಸಿದರು. ಹಳದಿ ನೂಲು ನೀರಿನ ಮೇಲೆ ಓಡಿ, ನಿಧಾನವಾಗಿ, ನಿಂತಿತು.

ನನಗೆ ಸಿಟ್ಟು ಬಂತು. ಅಳುವೂ ಬಂತು. "ಸಡಿಲ ಬಿಟ್ಟಿದ್ರೆ ಸಾಕಿತ್ತಲ್ಲ ಮಾರಾಯ್ರೆ, ಕತ್ತರಿಸ್ಬೇಕಾ? ಅವನೇ ತಿರುಗಿ ಬರ್ತಿದ್ದ," ಎಂದು ಜಗಳಕ್ಕೆ ನಿಂತೆ.

"ಬಿಟ್ರೆ ಮತ್ತೆ ಎಳೀಲಿಕ್ಕೆ ಆಸೆ ಆಗ್ತದೆ."

"ಇಲ್ಲಿ ಯಾರು ನೋಡ್ತಿದ್ರು?"

"ನೀವು ನೋಡ್ತಿದ್ರಿ. ಅದಕ್ಕೇ ಕೇಳಿದ್ದು ನಿಮ್ಮ ಹತ್ರ."

ಅವರು ಕೋಲನ್ನು ತೆಂಗಿನ ಕುತ್ತಿಯ ಮೇಲೆ ಒರಗಿಸಿ, ನನ್ನ ತೋಳು ಹುಡುಕಿ ಹಿಡಿದುಕೊಂಡರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ಇನ್ನು ಮೇಲೆ ನೀವು ಹೇಳಿದ್ದೇ ನನಗೆ ಕಾಣುದು ಡಾಕ್ಟ್ರೆ. ಸರಿ ನೋಡಿ ಹೇಳಿ, ಆಯ್ತಾ?"

ಹತ್ತು ನಿಮಿಷ ಹಾಗೆಯೇ ನಿಂತೆವು. ನಿಂತ ನೀರಿಗೂ ಸ್ವಲ್ಪ ಸೆಳೆತ ಇರುತ್ತದೆ. ನೂಲು ಮೆಲ್ಲಗೆ ತೇಲಿ ನಮ್ಮ ಕಾಲ ಬಳಿಗೇ ಬಂತು, ಒಂದು, ಎರಡು, ಮೂರು ಕೆಂಪು ಸುತ್ತುಗಳೂ ಬಂದವು. ತುದಿಯ ಕೊಕ್ಕೆ ಖಾಲಿ. ಮುಳ್ಳಿಲ್ಲದ ಕೊಕ್ಕೆಯನ್ನು ಗುರಿಕಾರ ಒಮ್ಮೆ ತಲೆ ಕೊಡವಿ ಕಳಚಿಕೊಂಡಿದ್ದ. ಟೈಲರ್ರು ನೂಲನ್ನು ಮೊಣಕೈಗೆ ಸುತ್ತಿಕೊಳ್ಳುತ್ತ ಮತ್ತೆ ನಗಲು ಶುರು ಮಾಡಿದರು. ದಾರಿಯುದ್ದಕ್ಕೂ ಅದೇ ಮಾತು. ಅದು ಕೆಳಕ್ಕೆ ಓಡಿದ ಓಟ ಹೇಗಿತ್ತು, ತಲೆ ಕೊಡವಿದಾಗ ಕೋಲಿನಲ್ಲಿ ಎಂತಹ ಪೆಟ್ಟು ಬಂತು, ಎದೆ ಸುತ್ತಳತೆ ಎಷ್ಟಿರಬಹುದು. ಬೆಳ್ಳಾರೆ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದರು. ಸ್ಕೂಟರಿನ ಮೀನಿನವರಿಗೆ ಎರಡು ಸಲ ಹೇಳಿದರು. ಸಿಕ್ಕಿಲ್ಲವಲ್ಲ ಎಂದು ಅವರು ಕೇಳಿದರೆ, "ಸಿಕ್ಕಿದ. ಕೈಗೆ ಬರ್ಲಿಲ್ಲ ಅಷ್ಟೆ," ಎಂದರು.

ಆಮೇಲಿನದ್ದು ಹೆಚ್ಚಿಲ್ಲ. ಆ ವರ್ಷದ ಕೊನೆಗೆ ಹೊಲಿಗೆ ನಿಲ್ಲಿಸಿದರು. ನನ್ನ ಅಂಗಡಿಯ ಬೆಂಚಿನಲ್ಲಿ ಬಂದು ಕೂರುತ್ತಿದ್ದರು. ಎದುರಿನ ರಸ್ತೆಯಲ್ಲಿ ಯಾರು ಹೋದದ್ದು, ಯಾವ ಬಣ್ಣದ ಸೀರೆ, ರವಕೆಯ ತೋಳು ಸರಿ ಕೂತಿದೆಯಾ ಎಂದು ಕೇಳುವುದು, ನಾನು ಹೇಳುವುದು. ಅವರೇ ಹೊಲಿದ ರವಕೆಯೊಂದರ ಭುಜ ಎಳೆದಿದ್ದರೆ ಅದನ್ನೂ ಹೇಳಿದ್ದೇನೆ. ಒಂದು ಸಲವೂ ಸುಳ್ಳು ಹೇಳಲಿಲ್ಲ. ಬೇಸಗೆಯಲ್ಲಿ ಅವರಿಗೆ ಹೊಳೆಗೆ ಇಳಿಯಲು ಆಗಲಿಲ್ಲ, ನಾನೂ ಹೋಗಲಿಲ್ಲ. ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನನಗೆ ಅವರು ಬೇಕಿತ್ತು, ಇನ್ನೂ ಬೇಕಿತ್ತು.

ಈ ವರ್ಷ ಮತ್ತೆ ಹಲಗೆ ಹಾಕಿದ್ದಾರೆ. ನೀರು ಗದ್ದೆ ಹತ್ತಿದೆ. ನಿನ್ನೆ ಬೆಳಿಗ್ಗೆ ಯಾಕೋ ಶಟರ್ ಎತ್ತಲು ಮನಸ್ಸಾಗದೆ ಬೈಕು ತಿರುಗಿಸಿದೆ. ನನ್ನ ಕೈಯಲ್ಲಿ ಕೋಲು ಇರಲಿಲ್ಲ, ನನಗೆ ಬೀಸಲು ಬರುವುದೂ ಇಲ್ಲ. ಸುಮ್ಮನೆ ತೆಂಗಿನ ಕುತ್ತಿಯ ಪಕ್ಕ ನಿಂತೆ, ಅವರ ಎಡಕ್ಕೆ ನಾನು ನಿಲ್ಲುತ್ತಿದ್ದ ಜಾಗದಲ್ಲಿಯೇ. ಗಾಳಿ ಇರಲಿಲ್ಲ. ಪೂಜೆಯ ಗಂಟೆ ಹೊಡೆದ ಮೇಲೆ ಕೆಸರಿನ ಮೋಡ ಎದ್ದಿತು. ಅದರೊಳಗಿಂದ ನನ್ನ ಎರಡು ಅಂಗೈಯಷ್ಟು ಅಗಲದ ಬಾಲ ಮೇಲೆ ಬಂದು, ಬಿಸಿಲಿಗೆ ಹೊಳೆದು, ಮೆಲ್ಲಗೆ ಅಲ್ಲಾಡಿತು. ಬೆನ್ನು ಬಂತು. ಬಿಳಿ ಪಟ್ಟೆ ಬಂತು. ನನಗೆ ಕೂಗಬೇಕೆನ್ನಿಸಿತು, ಕೂಗಲಿಲ್ಲ. ಎರಡು ಸಲ ಸರಿಯಾಗಿ ನೋಡಿದೆ. ಆಮೇಲೆ ಪಕ್ಕದಲ್ಲಿ ಇದ್ದವರಿಗೆ ಕೇಳುವಷ್ಟೇ ದನಿಯಲ್ಲಿ ಹೇಳಿದೆ:

"ಮೂರು ಸೀರೆ, ಒಂದು ರವಕೆ ಟೈಲರ್ರೆ. ಕಲ್ಲಿನ ಆಚೆ."